ವಾಡೆಯಮ್ಮ

ನನ್ನಂಥ ಸಣ್ಣ ನೌಕರನ ಬೀಳ್ಕೊಡುಗೆಗೆ ಬಂದು ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಸನ್ಮಾನ್ಯ ರಾಮಕೃಷ್ಣಪ್ಪನವರೇ, ನನ್ನ ಮೇಲಧಿಕಾರಿಗಳೂ ಇಂದಿನ ಮುಖ್ಯ ಅತಿಥಿಗಳೂ ಆದ ಡಾಕ್ಟರ್ ಮೊಯಿನುದ್ದೀನ್ ಸಾಹೇಬರೇ, ಈ ಸಭೆಯನ್ನು ಏರ್ಪಡಿಸಿದ ಯಲಹಂಕದ ಹಿರಿಯರೇ, ಹೆಬ್ಬಾಳ, ಕೆಂಪಾಪುರ, ಚಿಕ್ಕಜಾಲಗಳಿಂದ ಈ ವೈಶಾಖದ ಬಿಸಿಲಲ್ಲಿ ಬಸ್ಸು ಹಿಡಿದು ಬಂದಿರುವ ತಾಯಂದಿರೇ, ಹಿಂದಿನ ಬೆಂಚುಗಳಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡುತ್ತಿರುವ ನನ್ನ ಸಹೋದ್ಯೋಗಿ ಮಿತ್ರರೇ, ಪ್ರಿಯ ಸಭಿಕರೇ,

ಡಾಕ್ಟರ್ ಸಾಹೇಬರು ನನ್ನ ಬಗ್ಗೆ ಆಡಿದ ಮಾತುಗಳನ್ನು ಕೇಳುತ್ತಿದ್ದಾಗ, ಈ ವೆಂಕಟೇಶಪ್ಪ ಯಾರೋ ಬಹಳ ಒಳ್ಳೆಯ ಮನುಷ್ಯನಿರಬೇಕು, ಒಂದು ಸಲ ಭೇಟಿ ಮಾಡಬೇಕು ಅನ್ನಿಸಿತು. ಇಪ್ಪತ್ತೊಂಬತ್ತು ವರ್ಷ ಮನೆಮನೆಗೆ ಹೋಗಿ ಸಿಡುಬಿನ ಲಸಿಕೆ, ನಮ್ಮ ಮಾತಿನಲ್ಲಿ ದಾಕು, ಹಾಕಿದೆ ಎಂದರು. ಅದು ನಿಜ. ನನಗೆ ವಹಿಸಿದ ಊರುಗಳ ಈ ಸರ್ಕಲ್ಲಿನಲ್ಲಿ ಹನ್ನೊಂದು ವರ್ಷದಿಂದ ಸಿಡುಬಿನ ಸಾವು ಒಂದೂ ಆಗಿಲ್ಲ, ಐವತ್ತೈದನೇ ಇಸವಿಯಲ್ಲಿ ಆದದ್ದೇ ಕೊನೆಯದು ಎಂದರು. ಅದು ಕಾಗದದ ಮೇಲೆ ನಿಜ. ಮೌಢ್ಯದ ಕೋಟೆಯನ್ನು ವಿಚಾರದ ಬಲದಿಂದ ಗೆದ್ದ ವೀರ ಎಂದರು. ಆ ಮಾತಿಗೆ ನೀವೆಲ್ಲ ಚಪ್ಪಾಳೆ ಹೊಡೆದಿರಿ. ನಾನು ತಲೆ ತಗ್ಗಿಸಿ ಕುಳಿತಿದ್ದೆ. ವಿನಯ ಎಂದು ತಿಳಿದುಕೊಂಡಿರುತ್ತೀರಿ.

ಸಮಿತಿಯವರು ನನಗೆ ವಿಷಯವನ್ನೂ ಕೊಟ್ಟಿದ್ದಾರೆ. ‘ಧರ್ಮ, ನಂಬಿಕೆ ಮತ್ತು ವಿಚಾರ.’ ಅರ್ಧ ಗಂಟೆ ಮಾತಾಡಿ ಎಂದಿದ್ದಾರೆ. ವೆಂಕಟೇಶಪ್ಪನನ್ನು ಅರ್ಧ ಗಂಟೆಗೆ ನಿಲ್ಲಿಸಬಹುದು ಎಂದು ನಂಬಿದ್ದಾರಲ್ಲ, ಅದೇ ಒಂದು ಮೂಢನಂಬಿಕೆ!

ನನ್ನ ಅಭಿಪ್ರಾಯಗಳು ಈ ಸುತ್ತಿನ ಎಲ್ಲರಿಗೂ ಗೊತ್ತು. ಕೇಳದವರಿಗೂ ನಾನು ಹೇಳಿದ್ದೇನೆ. ದೇವರಿಲ್ಲ. ಇದ್ದರೂ, ಮೈಲಿ ಬೇನೆಯನ್ನು, ಈ ಸಿಡುಬನ್ನು, ಮಕ್ಕಳ ಮೇಲೆ ಬಿಡುವ ದೇವರಿಗೆ ನಾನು ಕೈಮುಗಿಯುವುದಿಲ್ಲ. ಜಾತಿ ಎಂಬುದು ಚರ್ಮದ ಮೇಲೂ ಇಲ್ಲ, ಕೆಳಗೂ ಇಲ್ಲ. ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ, ದಿನಕ್ಕೆ ನೂರು ತೋಳು ಕೆರೆದವನಾಗಿ ಹೇಳುತ್ತಿದ್ದೇನೆ. ವಿಧವೆಯರು ಮತ್ತೆ ಮದುವೆಯಾಗಬೇಕು. ಬಲಿ ಕೊಡುವುದು ನಿಲ್ಲಬೇಕು. ಹುಡುಗ ಹುಡುಗಿ ಒಪ್ಪಿದರೆ ಯಾವ ಜಾತಿಯಾದರೇನು, ಯಾವ ಮತವಾದರೇನು, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬಾಳಲಿ. ಸರ್ಕಾರ ಯಾವ ದೇವರ ಪಲ್ಲಕ್ಕಿಗೂ ಹೆಗಲು ಕೊಡಬಾರದು. ಇವು ನನ್ನ ಅಭಿಪ್ರಾಯಗಳು. ನನ್ನ ಮನೆಯವರು ರಾಮಲಕ್ಷ್ಮಮ್ಮ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಅವರ ಅಭಿಪ್ರಾಯ ಬೇರೆ. ನಮ್ಮಲ್ಲಿ ಅಡುಗೆಮನೆಯಲ್ಲಿ ಆಸ್ತಿಕ ಪಕ್ಷ, ಜಗಲಿಯಲ್ಲಿ ನಾಸ್ತಿಕ ಪಕ್ಷ. ಬಡಿಸುವವರದೇ ಆಡಳಿತ ಪಕ್ಷ.

ಎಲ್ಲಿಂದ ಬಂತು ಈ ನಾಸ್ತಿಕತನ ಎಂದು ಕೇಳುವವರಿದ್ದಾರೆ. ಇದೇ ಯಲಹಂಕದಿಂದ ಬಂತು, ಕೆರೆ ಕೋಡಿಯ ಕಡೆಯ ಬೀದಿಯಿಂದ. ನನಗೆ ಏಳು ವರ್ಷವಾಗಿದ್ದಾಗ ನನ್ನ ತಾಯಿಗೆ ಸಿಡುಬಾಯಿತು. ನಡುಮನೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಹೊಸ್ತಿಲಲ್ಲಿ ಅಡ್ಡಬಿದ್ದರು. ಅವಳು ‘ವೆಂಕಟೇಶಾ, ನೀರು ಕೊಡೋ’ ಎಂದಳು. ನಾನು ಎದ್ದೆ. ನನ್ನ ಅಜ್ಜಿ ರಟ್ಟೆ ಹಿಡಿದು ಕೂರಿಸಿ, ‘ಅವಳೀಗ ನಿನ್ನಮ್ಮ ಅಲ್ಲ ಕಣೋ, ಅಮ್ಮ. ಅಮ್ಮನ ಹೆಸರಲ್ಲಿ ಕೈಮುಗಿ’ ಎಂದಳು. ನಾನು ಕೈಮುಗಿದೆ. ನೀರು ಕೊಡಲಿಲ್ಲ. ಸಭಿಕರೇ, ಆ ದಿನದಿಂದ ನನಗೆ ಕೈಮುಗಿಯುವುದಕ್ಕೆ ಆಗಿಲ್ಲ. ಸಭೆಯ ಕೊನೆಯಲ್ಲಿ ನಮಸ್ಕಾರ ಹೇಳುವುದೊಂದು ಬಿಟ್ಟು.

ದೊಡ್ಡವನಾದೆ, ದಾಕು ಹಾಕುವ ಕೆಲಸಕ್ಕೆ ಸೇರಿದೆ. ಅದರ ಉಪಕರಣ ಬಹಳ ಸಣ್ಣದು. ಅಂಗಿಯ ಗುಂಡಿಯಷ್ಟು ಅಗಲದ ಬಿಲ್ಲೆ, ಕೆಳಗೆ ಮುಳ್ಳು, ಮೇಲೊಂದು ಹಿಡಿ. ತೋಳಿನ ಮೇಲೆ ಒಂದು ತೊಟ್ಟು ಮದ್ದು ಬಿಟ್ಟು, ಬಿಲ್ಲೆ ಒತ್ತಿ ತಿರುಗಿಸಿದರೆ ಮುಗಿಯಿತು. ಒಂದು ಊರಿನಲ್ಲಿ ಯಜಮಾನರು, ‘ಮೊದ್ಲು ನಮ್ ಕೇರಿಗಾಕಿ, ಆ ಕೇರಿಗೆ ಆಮೇಲೆ’ ಎಂದರು. ನಾನು ಬೇಕೆಂದೇ ಆ ಕೇರಿಯಿಂದ ಶುರುಮಾಡಿ, ಬಿಲ್ಲೆಯನ್ನು ಅವರ ಕಣ್ಣೆದುರೇ ದೀಪಕ್ಕೆ ಹಿಡಿದು ಕಾಯಿಸಿ ಅವರ ತೋಳಿಗೆ ಒತ್ತಿದೆ. ಸ್ವಾಮೀ, ನಮ್ಮ ಜನ ಮೈಲಿಗೆ ಹೆದರುವುದಿಲ್ಲ, ಮೈಲಿಗೆಗೆ ಹೆದರುತ್ತಾರೆ!

ನಗುತ್ತೀರಿ. ಈ ಮಾತಿಗೆ ಎಲ್ಲ ಕಡೆಯೂ ನಗುತ್ತಾರೆ.

ಹೆಬ್ಬಾಳದ ಅಕ್ಬರ್ ಪಾಷಾ ಅವರ ಮನೆಯಲ್ಲಿ ಗೋಷಾ. ಹೆಂಗಸರು ಪರದೆಯ ಆಚೆ. ಪರದೆಯ ಕೆಳಗಿನಿಂದ ಒಂದೊಂದೇ ತೋಳು ಈಚೆಗೆ ಬರುತ್ತಿತ್ತು, ನಾನು ಹಾಕುತ್ತಿದ್ದೆ, ತೋಳು ಒಳಗೆ ಹೋಗುತ್ತಿತ್ತು. ಒಂದು ವರ್ಷ ಹಸಿರು ಬಳೆಯ ತೋಳು ಎರಡನೇ ಸಲ ಬಂತು. ‘ಮೆಹಬೂಬ್ ಬೀ, ಈ ಕೈಗೆ ಈಗ ತಾನೇ ಹಾಕಿದ್ದೇನಲ್ಲ?’ ಎಂದೆ. ಪರದೆ ಪೂರ್ತಿ ನಗುವಿನಿಂದ ಅಲುಗಾಡಿತು. ಭಯಪಟ್ಟ ಸೊಸೆಯ ಬದಲು ಆ ಮುದುಕಿ ತಾನೇ ಎರಡು ಸಲ ಕೈ ಚಾಚಿದ್ದಳು. ನಾನೂ ನಕ್ಕೆ. ನಕ್ಕು, ಸೊಸೆಯ ಕೈ ಬರುವವರೆಗೆ ಅಲ್ಲಿಂದ ಏಳಲಿಲ್ಲ. ಕೂತುಬಿಡುವುದು ನನ್ನ ಪದ್ಧತಿ. ಎಲ್ಲಿ ಹಟ ಮಾಡುತ್ತಾರೋ ಅಲ್ಲಿ ಕೂತುಬಿಡುತ್ತಿದ್ದೆ, ಮಾತಾಡುತ್ತಿದ್ದೆ. ನನ್ನ ಮಾತು ತಡೆಯಲಾರದೆ ಎಷ್ಟೋ ಜನ ತೋಳು ಕೊಟ್ಟಿದ್ದಾರೆ.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಒಬ್ಬರ ಒಳ್ಳೆಯದಕ್ಕಾಗಿ ಅವರನ್ನು ಬಲವಂತ ಮಾಡಬಹುದೇ? ನಂಬಿಕೆ ಅವರದು, ಮಗು ಅವರದು, ಆದರೆ ರೋಗ ಎಲ್ಲರದು. ಮಾಡಬಹುದು ಎಂದು ನಾನು ನೂರು ಸಭೆಗಳಲ್ಲಿ ಹೇಳಿದ್ದೇನೆ. ಇವತ್ತು ಹೇಳುವ ಮೊದಲು ಐವತ್ತೈದನೇ ಇಸವಿಯ ಆ ಕೊನೆಯ ಸಾವಿನ ಸಂಗತಿ ಹೇಳಬೇಕು. ಇದು ಸಮಿತಿಯವರು ಕೊಟ್ಟ ವಿಷಯದ ಒಳಗೆ ಬರುತ್ತದೋ ಇಲ್ಲವೋ ನನಗೆ ತಿಳಿಯದು.

ಆಗ ಫಾಲ್ಗುಣ ಮಾಸ. ಕೆಂಪಾಪುರದಿಂದಾಚೆ, ಕೆರೆಯಂಗಳ ದಾಟಿದರೆ ಹದಿನಾಲ್ಕು ಮನೆಗಳ ಒಂದು ಹಟ್ಟಿ. ಎರಡು ಮನೆಗೆ ಮೈಲಿ ಬಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಹಿಂದಿನ ದಿನವೇ ನಾನು ತಮಟೆ ಹೊಡೆಸಿ ಸಾರಿಸಿದ್ದೆ: ಮಕ್ಕಳನ್ನು ಬಚ್ಚಿಟ್ಟವರಿಗೆ ಪೊಲೀಸರಿಂದ ಬೇಡಿ ಹಾಕಿಸುತ್ತೇನೆ. ಹಾಗೆ ಹಾಕಿಸುವ ಅಧಿಕಾರ ನನಗಿರಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಪಟೇಲ ಪಿಳ್ಳಣ್ಣನವರ ಜೊತೆಯಲ್ಲಿ ಮನೆಮನೆಗೆ ಹೋದೆ. ಐದನೆಯದು ಮುನಿಕೆಂಪಮ್ಮನ ಮನೆ. ಗಂಡ ಚಿಕ್ಕಹನುಮಯ್ಯ ಸೌದೆ ಗಾಡಿ ಹೊಡೆದುಕೊಂಡು ಪೇಟೆಗೆ ಹೋಗಿದ್ದ. ದೊಡ್ಡ ಮಗಳು ಮುನಿಕೃಷ್ಣಮ್ಮ ಚಿಕ್ಕಜಾಲದಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಚಿಕ್ಕವಳು ಯಲ್ಲಿ, ಆರು ವರ್ಷ, ಮನೆಯಲ್ಲೇ ಇರಬೇಕು ಎಂದು ಪಿಳ್ಳಣ್ಣ ಹೇಳಿದ್ದರು.

‘ಚಿಕ್ಕ ಮಗು ಎಲ್ಲಿದೆಯಮ್ಮ?’ ಎಂದೆ.

‘ಅವ್ಳೂ ಚಿಕ್ಕಜಾಲಕ್ಕೋಗವ್ಳೆ ಸ್ವಾಮಿ, ಅಕ್ಕನ್ ಜೊತೆ.’

‘ಸುಳ್ಳು ಹೇಳಬೇಡ.’

‘ಅಮ್ಮನ ಮೇಲಾಣೆ ಸ್ವಾಮಿ.’

‘ಆ ಅಮ್ಮನನ್ನೇ ನಂಬದವನ ಮುಂದೆ ಅಮ್ಮನ ಮೇಲೆ ಆಣೆ ಇಡ್ತೀಯಲ್ಲಮ್ಮ!’ ಎಂದು ನಾನು ನಕ್ಕೆ. ಪಿಳ್ಳಣ್ಣನೂ ನಕ್ಕರು. ಅವಳು ನಗಲಿಲ್ಲ.

ಅವಳಿಗೆ ಭಯಪಡಲು ಕಾರಣವಿತ್ತು. ಎರಡು ವರ್ಷದ ಹಿಂದೆ ಅವಳ ಗಂಡುಮಗುವಿಗೆ ದಾಕು ಹಾಕಿದ್ದರು. ತೋಳು ಕೀವು ತುಂಬಿ, ಜ್ವರ ಏರಿ, ಹತ್ತು ದಿನಕ್ಕೆ ಮಗು ತೀರಿಕೊಂಡಿತ್ತು. ಬಿಸಿಲು ಕಾಲದಲ್ಲಿ ಸಾಲು ಉದ್ದವಾದಾಗ ಬಿಲ್ಲೆಯನ್ನು ಪ್ರತಿ ಸಲವೂ ಕಾಯಿಸುವುದಕ್ಕೆ ಆಗುತ್ತಿರಲಿಲ್ಲ. ನನ್ನ ಸಹೋದ್ಯೋಗಿಗಳು ಬಲ್ಲರು. ಆ ವರ್ಷ ಆ ಹಟ್ಟಿಗೆ ಹೋಗಿದ್ದವರು ಯಾರು ಎಂದು ಕೇಳುತ್ತೀರಾ? ರಿಜಿಸ್ಟರಿನಲ್ಲಿ ನನ್ನದೇ ಸಹಿ ಇದೆ.

‘ಬನ್ನಿ ಸ್ವಾಮಿ, ಮುಂದಿನ್ ಮನೆ ನೋಡಾಣ’ ಎಂದರು ಪಿಳ್ಳಣ್ಣ. ‘ನೀವು ಹೋಗಿ ಉಳಿದವರನ್ನು ಸೇರಿಸಿ. ನಾನು ಈ ತಾಯಿಯ ಜೊತೆ ಸ್ವಲ್ಪ ಮಾತಾಡಿ ಬರ್ತೀನಿ’ ಎಂದು ನಾನು ನಡುಮನೆಯ ಗೋಡೆಗೆ ಒರಗಿ ಕುಳಿತೆ. ಮಗು ಎಲ್ಲಿ ಅಡಗಿದ್ದರೂ ಹಸಿವಾದಾಗ ಹೊರಗೆ ಬರಲೇಬೇಕು ಎಂಬುದು ನನ್ನ ಉಪಾಯ.

ನನ್ನ ಎದುರಿಗೆ ಎರಡು ವಾಡೆಗಳಿದ್ದವು. ಪೇಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿರಲಾರದು: ರಾಗಿ ತುಂಬಿಡಲು ಮಣ್ಣಿನಲ್ಲಿ ಮಾಡಿದ, ಎದೆಯೆತ್ತರದ ಗುಡಾಣ. ಒಂದರ ಮೇಲೆ ಬರೀ ಮುಚ್ಚಳವಿತ್ತು. ಇನ್ನೊಂದರ ಮುಚ್ಚಳದ ಮೇಲೆ ಕಂಬಳಿ ಮಡಿಸಿ ಹಾಕಿ, ಕಂಬಳಿಯ ಮೇಲೆ ಗುಂಡುಕಲ್ಲು ಇಟ್ಟಿತ್ತು.

ನಾನು ಮಾತಾಡಿದೆ. ದೇವರ ಬಗ್ಗೆ, ಜಾತಿಯ ಬಗ್ಗೆ, ಸಿಡುಬು ಹೇಗೆ ಹರಡುತ್ತದೆ ಎಂಬ ಬಗ್ಗೆ. ಇವತ್ತು ನಿಮ್ಮ ಮುಂದೆ ಹೇಳಿದೆನಲ್ಲ, ಇವೇ ಮಾತುಗಳು. ಮೈಲಿಗೆಯ ಆ ತಮಾಷೆಯನ್ನೂ ಹೇಳಿದೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. ನಡುವೆ ಎಲ್ಲಿಂದಲೋ ಟಕ್, ಟಕ್, ಟಕ್ ಎಂದು ಒಂದು ಸದ್ದು ಬಂತು. ಹೆಗ್ಗಣ ಎಂದುಕೊಂಡೆ. ಮತ್ತೆ ಬಂತು. ಅವಳು ತಟ್ಟನೆ ಒಳಗೆ ಹೋಗಿ ಮಜ್ಜಿಗೆ ತಂದಳು. ಲೋಟ ಕೊಡುವಾಗ ಮಜ್ಜಿಗೆ ನೆಲಕ್ಕೆ ಚೆಲ್ಲಿತು. ನನ್ನ ಮಾತು ನಾಟುತ್ತಿದೆ ಎಂದು ನನಗೆ ಹೆಮ್ಮೆಯಾಯಿತು. ಕುಡಿದೆ, ಮುಂದುವರಿಸಿದೆ. ಸದ್ದು ಇನ್ನೂ ಕೆಲವು ಸಲ ಬಂದು, ಆಮೇಲೆ ನಿಂತಿತು.

ಒಂದೂಕಾಲು ಗಂಟೆ ಕುಳಿತಿದ್ದೆ. ಪಿಳ್ಳಣ್ಣ ಬಂದು ಕೂಗಿದಾಗ ಎದ್ದೆ. ‘ಮಗು ಊರಿನಲ್ಲಿಲ್ಲ’ ಎಂದು ಬರೆದುಕೊಂಡು ಹೊರಗೆ ಬಂದೆ. ಮಜ್ಜಿಗೆ ಕುಡಿಯುವಾಗ ನನ್ನ ಬಿಲ್ಲೆಯನ್ನು ಕಂಬದ ಹತ್ತಿರ ಇಟ್ಟವನು ಅಲ್ಲೇ ಮರೆತೆ. ಚೀಲದಲ್ಲಿ ಇನ್ನೊಂದಿತ್ತು.

ಎರಡು ಮನೆ ಮುಗಿಸಿದೆ. ಹಟ್ಟಿಯಲ್ಲಿ ಹೆಂಗಸರು ಒರಳಿನಲ್ಲಿ ಕುಟ್ಟುತ್ತಿದ್ದರು. ಮೂರು ನಾಲ್ಕು ಮನೆಯಿಂದ ಒನಕೆಯ ಸದ್ದು ಬರುತ್ತಿತ್ತು. ಇದ್ದಕ್ಕಿದ್ದ ಹಾಗೆ ಒಂದು ಒನಕೆ ನಿಂತಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎಲ್ಲವೂ. ಯಾರೂ ಕಿರುಚಲಿಲ್ಲ. ನಡುಹಗಲಲ್ಲಿ ಹದಿನಾಲ್ಕು ಮನೆ ಹಾಗೆ ಮೌನವಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ನಾಯಿಗಳು ಸಹ ಎದ್ದು ನಿಂತು ಒಂದೇ ಕಡೆ ನೋಡುತ್ತಿದ್ದವು. ಪಿಳ್ಳಣ್ಣ ನನ್ನ ಮುಖ ನೋಡಿದರು. ಇಬ್ಬರೂ ಆ ಕಡೆ ನಡೆದೆವು.

ಮುನಿಕೆಂಪಮ್ಮ ನಡುಮನೆಯಲ್ಲಿ ಕುಳಿತಿದ್ದಳು. ಗುಂಡುಕಲ್ಲು, ಕಂಬಳಿ ನೆಲದ ಮೇಲಿದ್ದವು. ಯಲ್ಲಿ ತೊಡೆಯ ಮೇಲಿದ್ದಳು. ವಾಡೆಯ ತಳದಲ್ಲಿ ಹೋದ ವರ್ಷದ ರಾಗಿ ಸ್ವಲ್ಪ ಉಳಿದಿತ್ತೆಂದು ಕಾಣುತ್ತದೆ. ಮಗು ಬೆವೆತು ತೊಯ್ದುಹೋಗಿತ್ತು. ಆ ಬೆವರಿಗೆ ರಾಗಿ ಕಾಳು ಅಂಟಿ, ಹಣೆ, ಕೆನ್ನೆ, ರೆಪ್ಪೆ, ತುಟಿ, ಎಲ್ಲೂ ಒಂದು ಬೆರಳಿಡುವಷ್ಟು ಜಾಗ ಬಿಡದೆ ತುಂಬಿಕೊಂಡಿತ್ತು. ಸಭಿಕರೇ, ಹದಿನೆಂಟು ವರ್ಷ ಸಿಡುಬು ನೋಡಿದ ನನ್ನ ಕಣ್ಣಿಗೂ ಒಂದು ಕ್ಷಣ ಅದು ಸಿಡುಬಾಗಿಯೇ ಕಂಡಿತು.

ಬೈರಮ್ಮ ಎಂಬ ಮುದುಕಿ ಹೊಸ್ತಿಲಲ್ಲೇ ಕುಸಿದು ಕೂತು ಕೂಗಿದಳು: ‘ಅಮ್ಮ ಬಂದವ್ಳೆ! ನೋಡ್ರವ್ವಾ, ಮಖದ್ ತುಂಬಾ ಎದ್ದವ್ಳೆ! ಬಚ್ಚಿಟ್ಟಿದ್ಕೆ ಒಂದ್ ಗಳ್ಗೇಲಿ ಬಂದು ಕರ್ಕೊಂಡೋದ್ಲು!’

ಹೆಂಗಸರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ‘ಏನ್ ಸ್ವಾಮಿ, ತಿಳಿದೋರು ನೀವು. ನೀವೇ ಯೋಳಿ. ಅಮ್ಮ ಅಲ್ವಾ?’ ಎಂದಳು ಬೈರಮ್ಮ.

ನಾನು, ದೇವರಿಲ್ಲ ಎಂದು ಅದೇ ಮನೆಯಲ್ಲಿ ಒಂದೂಕಾಲು ಗಂಟೆ ಮಾತಾಡಿದವನು, ‘ಹೂಂ’ ಎಂದೆ.

ಅಷ್ಟೇ. ಒಂದು ‘ಹೂಂ’. ಸಾವಿನ ವರದಿಯಲ್ಲಿ ‘ಸಿಡುಬು’ ಎಂದು ಬರೆದೆ. ಪಿಳ್ಳಣ್ಣ ಸಹಿ ಹಾಕಿದರು. ಸಂಜೆಯೊಳಗೆ ಮಗುವನ್ನು ಮಣ್ಣುಮಾಡಿದರು. ಈ ಸರ್ಕಲ್ಲಿನ ಕೊನೆಯ ಸಿಡುಬಿನ ಸಾವು ಎಂದು ಡಾಕ್ಟರ್ ಸಾಹೇಬರು ಹೇಳಿದರಲ್ಲ, ಅದು ಇದು.

ಮರುವರ್ಷ ಅದೇ ಹಟ್ಟಿಗೆ ಹೋದೆ. ತಮಟೆ ಹೊಡೆಸಿರಲಿಲ್ಲ. ನಾನು ಬರುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಕೆರೆಯಂಗಳ ದಾಟುವಾಗಲೇ ಕಂಡಿತು: ಹಟ್ಟಿಯ ಹೆಂಗಸರು, ಮಕ್ಕಳು, ಮುದುಕರು, ಎಲ್ಲ ಬೇವಿನ ಮರದ ಕೆಳಗೆ ಸಾಲಾಗಿ ನಿಂತಿದ್ದಾರೆ. ಆಗಲೇ ತೋಳು ಬರಿದು ಮಾಡಿಕೊಂಡಿದ್ದಾರೆ. ಯಾರೂ ಮಾತಾಡುತ್ತಿಲ್ಲ. ಮರದ ಬುಡದಲ್ಲಿ ಆ ವಾಡೆಯನ್ನು ಬೋರಲು ಹಾಕಿ ಅರಿಶಿನ ಬಳಿದು ಕುಂಕುಮ ಇಟ್ಟಿದ್ದರು. ಅದರೊಳಗಿನ ರಾಗಿಯನ್ನು ಯಾರೂ ಉಣ್ಣಲಿಲ್ಲವಂತೆ. ವಾಡೆಯ ಮುಂದೆ ಒಂದು ಬಾಳೆಲೆ, ಬಾಳೆಲೆಯ ಮೇಲೆ ನಾನು ಮರೆತು ಬಂದ ಬಿಲ್ಲೆ. ಅದಕ್ಕೂ ಕುಂಕುಮ.

‘ಏನಿದು?’ ಎಂದೆ.

‘ವಾಡೆಯಮ್ಮ ಸ್ವಾಮಿ’ ಎಂದರು.

ಆ ಸುದ್ದಿ ನನಗಿಂತ ಮುಂದೆ ಮುಂದೆ ಹೋಯಿತು. ದಾಕಿನಯ್ಯ ಬಂದಾಗ ಮಕ್ಕಳನ್ನು ಬಚ್ಚಿಟ್ಟರೆ ವಾಡೆಯಮ್ಮ ಕರೆದೊಯ್ಯುತ್ತಾಳೆ. ಹೆಬ್ಬಾಳದಿಂದ ಚಿಕ್ಕಜಾಲದವರೆಗೆ ಅದೇ ಮಾತು. ನಾನು ಯಾರಿಗೂ ವಾಡೆಯಮ್ಮ ಇದ್ದಾಳೆ ಎಂದು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಒಂದು ಮಾಡಿದೆ. ಯಾವ ಮನೆಯಲ್ಲಿ ಹಿಂದೆಮುಂದೆ ನೋಡುತ್ತಾರೋ ಅಲ್ಲಿ ನಡುಮನೆಗೆ ಹೋಗಿ, ವಾಡೆಯ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟುತ್ತಿದ್ದೆ. ಟಕ್, ಟಕ್, ಟಕ್. ಅಟ್ಟದಿಂದ, ಹಿತ್ತಲಿಂದ, ಹು​ಲ್ಲಿನ ಬಣವೆಯಿಂದ ಮಕ್ಕಳನ್ನು ತಾವೇ ಕರೆತಂದು ನಿಲ್ಲಿಸುತ್ತಿದ್ದರು. ಹತ್ತು ವರ್ಷ ಹಾಗೆ ಮಾಡಿದೆ. ನೂರಕ್ಕೆ ನೂರು ದಾಕು ಎಂದು ಪ್ರಶಂಸಾಪತ್ರ ಬಂತು. ಮೌಢ್ಯವನ್ನು ವಿಚಾರದಿಂದ ಗೆದ್ದ ಬಗೆ ಇದು. ಮಕ್ಕಳು ಬದುಕಿದರು, ಅದು ಸುಳ್ಳಲ್ಲ. ಈ ಸಭೆಯಲ್ಲೇ ತೋಳಿನ ಮೇಲೆ ನನ್ನ ಬಿಲ್ಲೆಯ ಗುರುತು ಇರುವ ಎಷ್ಟೋ ಮಕ್ಕಳು ಕುಳಿತಿದ್ದಾರೆ. ಬದುಕಿದ್ದಾರಲ್ಲ, ಹೇಗೆ ಎಂದು ಯಾಕೆ ಕೇಳಬೇಕು ಎಂದು ನನ್ನನ್ನು ನಾನೇ ಎಷ್ಟು ಸಲ ಸಮಾಧಾನ ಮಾಡಿಕೊಂಡೆನೋ!

ಈ ಜನವರಿಯಲ್ಲಿ ಚಿಕ್ಕಜಾಲದಲ್ಲಿ ಮುನಿನಾರಾಯಣಮ್ಮ ಎಂಬುವರ ಮನೆಗೆ ಹೋದೆ. ವಯಸ್ಸಾದ ಹೆಂಗಸು. ‘ಮೊಮ್ಮಗ ಮಲ್ಗವ್ನೆ ಸ್ವಾಮಿ, ನಾಳೆ ಬನ್ನಿ’ ಎಂದರು. ನಾನು ಎಂದಿನಂತೆ ನಡುಮನೆಗೆ ಹೋಗಿ ವಾಡೆಯನ್ನು ಮೂರು ಸಲ ತಟ್ಟಿದೆ.

ಒಳಗಿನಿಂದ ಮೂರು ಸಲ ತಟ್ಟಿದ ಸದ್ದು ಬಂತು.

ನಾನು ಕೈ ಹಿಂದೆ ತೆಗೆದೆ. ಮುನಿನಾರಾಯಣಮ್ಮ ವಾಡೆಯ ಕಡೆ ನೋಡಿ, ನೆರೆಮನೆಯವರಿಗೆ ಹೇಳುವ ಹಾಗೆ, ‘ಆಯ್ತು ಕಣವ್ವ, ಕರ್ಕಂಬತ್ತೀನಿ’ ಎಂದು ಹಿತ್ತಲಿಗೆ ಹೊರಟರು.

‘ನಿಲ್ಲಿ ಅಮ್ಮ’ ಎಂದೆ. ‘ಏನು ಸದ್ದು ಅದು?’

ಅವರು ತಿರುಗಿ ನನ್ನನ್ನು ವಿಚಿತ್ರವಾಗಿ ನೋಡಿದರು. ‘ನೀವ್ ತಟ್ಟಿದಾಗ್ಲೆಲ್ಲ ಬತ್ತದಲ್ಲ ಸ್ವಾಮಿ. ಎಲ್ರ್ ಮನೇಲೂ ಬತ್ತದೆ. ಯಾಕೆ, ನಿಮ್ಗೆ ಇವತ್ತೇ ಕೇಳಿಸ್ತಾ?’

ನಾನು ಮುಚ್ಚಳ ತೆಗೆದೆ. ಹೊಸ ರಾಗಿ, ಕಂಠದವರೆಗೆ ತುಂಬಿತ್ತು. ಮೊಣಕೈವರೆಗೆ ಕೈ ತೂರಿಸಿದೆ. ತಣ್ಣಗಿತ್ತು. ಬೇರೇನೂ ಇರಲಿಲ್ಲ. ಮಣ್ಣು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ; ಗೋಡೆಯ ಆಚೆ ದನದ ಕೊಟ್ಟಿಗೆಯಿತ್ತು, ಹಸು ಕಾಲು ಬಡಿದಿರಬಹುದು. ನನಗೆ ಐವತ್ತೈದು ವರ್ಷ, ಕಿವಿ ಮೊದಲಿನಂತಿಲ್ಲ. ಈ ಕಾರಣಗಳನ್ನೆಲ್ಲ ನಾನು ಅವತ್ತಿನಿಂದ ಪ್ರತಿ ದಿನ ನನಗೆ ಹೇಳಿಕೊಂಡಿದ್ದೇನೆ. ದೇವರಿಲ್ಲ, ದೆವ್ವವಿಲ್ಲ ಎಂಬ ನನ್ನ ಮಾತನ್ನು ಇವತ್ತೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅವತ್ತು ಆ ಹುಡುಗನಿಗೆ ದಾಕು ಹಾಕದೆ ಮನೆಗೆ ಬಂದೆ. ಆಮೇಲೆ ಯಾವ ಮನೆಯ ವಾಡೆಯನ್ನೂ ತಟ್ಟಿಲ್ಲ.

ಸಭಿಕರೇ, ಸ್ವಲ್ಪ ಹೊತ್ತಿಗೆ ಮುಂಚೆ ನಿಮಗೊಂದು ಮಾತು ಹೇಳಿದೆ. ಸದ್ದು ಕೇಳಿ ಹೆಗ್ಗಣ ಎಂದುಕೊಂಡೆ ಎಂದೆ. ಅದು ಮೊದಲನೆಯ ಸಲಕ್ಕೆ ನಿಜ. ಎರಡನೆಯ ಸಲ ನನಗೆ ಗೊತ್ತಾಯಿತು. ಕಂಬಳಿ ಯಾಕಿದೆ, ಕಲ್ಲು ಯಾಕಿದೆ, ಮಜ್ಜಿಗೆ ಯಾಕೆ ಚೆಲ್ಲಿತು, ಎಲ್ಲ ಗೊತ್ತಾಯಿತು. ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದರೆ ಮುಚ್ಚಳ ತೆಗೆಯಬಹುದಿತ್ತು. ತೆಗೆಯಲಿಲ್ಲ. ಅವಳೇ ಎದ್ದು, ಅವಳ ಕೈಯಿಂದಲೇ ತೆಗೆದು, ತಪ್ಪಾಯಿತು ಎಂದು ಮಗುವನ್ನು ನನ್ನ ಮುಂದೆ ನಿಲ್ಲಿಸಬೇಕು ಎಂದು ಕಾದೆ. ಆಗ ನಾನು ಗೆದ್ದಂತೆ. ಸದ್ದು ನಿಂತಾಗ, ಮಗು ಸುಮ್ಮನಾಯಿತು, ಇನ್ನು ಸ್ವಲ್ಪ ಮಾತಾಡಿದರೆ ತಾಯಿ ಸೋಲುತ್ತಾಳೆ ಎಂದುಕೊಂಡೆ. ಸೋಲಲಿಲ್ಲ ಎಂದು ಮುನಿಸಿನಿಂದ ಎದ್ದು ಬಂದೆ. ‘ಮಗು ಊರಿನಲ್ಲಿಲ್ಲ’ ಎಂದು ಬರೆಯುವಾಗ ಅದು ಎಲ್ಲಿದೆಯೆಂದು ನನಗೆ ಗೊತ್ತಿತ್ತು.

ರಾಮಲಕ್ಷ್ಮೀ, ನಿನಗೂ ಇದನ್ನು ಹೇಳಿರಲಿಲ್ಲ.

ಡಾಕ್ಟರ್ ಸಾಹೇಬರೇ, ಆ ವರದಿಯನ್ನು ತಿದ್ದಿ ಬರೆದ ಕಾಗದವನ್ನು ಇವತ್ತು ಬೆಳಿಗ್ಗೆ ನಿಮ್ಮ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ನೀವು ಏನು ಮಾಡಬೇಕೋ ಮಾಡಿ.

ಹೋದ ವಾರ ಹಟ್ಟಿಗೆ ಹೋಗಿದ್ದೆ. ಚಿಕ್ಕಹನುಮಯ್ಯ ತೀರಿಕೊಂಡು ಮೂರು ವರ್ಷವಾಯಿತು. ಮುನಿಕೆಂಪಮ್ಮ ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ‘ತಾಯಿ, ಅವತ್ತು ನನಗೆ ಸದ್ದು ಕೇಳಿಸಿತ್ತು. ಗೊತ್ತಿದ್ದೂ ಏಳಲಿಲ್ಲ.’

ಅವಳು ಮೊರ ಕೆಳಗಿಡಲಿಲ್ಲ. ಕಾಳು ಆರಿಸುತ್ತಲೇ ಹೇಳಿದಳು:

‘ನಂಗೂ ಕೇಳಿಸ್ತಿತ್ತು ಸ್ವಾಮಿ. ಈಗ ಎದ್ದೋಗ್ತೀರಿ, ಈಗ ಎದ್ದೋಗ್ತೀರಿ ಅಂತ ಕಾಯ್ತಿದ್ದೆ. ನೀವು ಮಾತಾಡ್ತಾನೇ ಇದ್ರಿ. ತೆಗೆದ್ರೆ ಬೇಡಿ ಆಕ್ತೀರಿ ಅಂತ ಭಯ. ಆಮೇಕೆ ಸದ್ದು ನಿಂತೋಯ್ತು. ಮಗ ಮಲಿಕ್ಕಂತು ಅಂದ್ಕಂಡೆ.’

‘ಅದು ಅಮ್ಮ ಅಲ್ಲ ತಾಯಿ. ಮುಖದ ಮೇಲಿದ್ದದ್ದು ರಾಗಿ.’

‘ಒರೆಸಿದೋಳು ನಾನಲ್ವಾ? ನಂಗೊತ್ತಿಲ್ವಾ?’ ಎಂದಳು. ‘ಊರ್ನೋರು ಅಮ್ಮ ಅಂದ್ರು. ನೀವೂ ಹೂಂ ಅಂದ್ರಿ. ಅಲ್ಲ ಅಂದ್ರೆ ಕೊಂದಿದ್ದು ನಾನು ಅಂತಾಯ್ತದೆ. ಅದ್ಕೇ ಸುಮ್ಕಾದೆ.’

ಸಭೆಯಲ್ಲಿ ಇದನ್ನು ಹೇಳಲೇ ಎಂದು ಕೇಳಿದೆ.

‘ಯೋಳಿ. ಯಲ್ಲಿ ಅಂತ ಎಸ್ರಿಡಿದು ಯೋಳಿ. ಅನ್ನೊಂದ್ ವರ್ಸದಿಂದ ಅವಳೆಸ್ರು ಯಾರೂ ಯೋಳಾಕಿಲ್ಲ ಸ್ವಾಮಿ. ಎಲ್ರೂ ವಾಡೆಯಮ್ಮ ಅಂತಾರೆ.’

ಆದ್ದರಿಂದ ಹೇಳಿದ್ದೇನೆ. ಯಲ್ಲಿ. ಚಿಕ್ಕಹನುಮಯ್ಯ, ಮುನಿಕೆಂಪಮ್ಮ ಇವರ ಮಗಳು. ಆರು ವರ್ಷ.

ನಾನು ಹೊರಡಲು ತಿರುಗಿದಾಗ ಅವಳು ಕೂಗಿ ನಿಲ್ಲಿಸಿದಳು. ದೊಡ್ಡ ಮಗಳು ಮುನಿಕೃಷ್ಣಮ್ಮ ಬಾಣಂತನಕ್ಕೆ ಬಂದಿದ್ದಳು. ಒಳಗಿನಿಂದ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದು, ಮುನಿಕೆಂಪಮ್ಮ ಜಗಲಿಯ ಮೇಲೆ ನನ್ನ ಎದುರಿಗೆ ಕುಳಿತಳು. ತಾನೇ ಕೂಸಿನ ಅಂಗಿಯ ತೋಳು ಮೇಲಕ್ಕೆ ಸರಿಸಿದಳು. ನನ್ನ ಚೀಲದಲ್ಲಿ ಮದ್ದಿತ್ತು. ದೀಪ ಹಚ್ಚಿ ಬಿಲ್ಲೆ ಕಾಯಿಸಿದೆ. ಏನಾದರೂ ಹೇಳಬೇಕು, ಹೆದರಬೇಡ ತಾಯಿ, ಇದು ಕಾಯಿಸಿದ ಬಿಲ್ಲೆ, ಏನೂ ಆಗುವುದಿಲ್ಲ ಎಂದು ಹೇಳಬೇಕು ಎಂದು ಬಾಯಿ ತೆರೆದೆ.

‘ಮಾತಾಡ್ದಂಗೆ ಆಕಿ ಸ್ವಾಮಿ’ ಎಂದಳು.

ಮಾತಾಡದೆ ಹಾಕಿದೆ.

ನನ್ನನ್ನು ಕರೆದು ಕೂರಿಸಿ ಹಾರ ಹಾಕಿದ ನಿಮಗೆಲ್ಲ ನಾನು ಋಣಿ. ಇಷ್ಟು ಹೊತ್ತು ಕೇಳಿದ್ದಕ್ಕೆ ಇನ್ನೂ ಹೆಚ್ಚು ಋಣಿ. ನಮಸ್ಕಾರ.